ನೀಲಿ ರಕ್ತದ ಸಕ್ಕರೆ ಸರ

ಕೆಲವು ತಿಂಗಳ ಹಿಂದೆ ಅರವತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಮೂವತ್ತು ವರ್ಷಗಳಿಂದ ಬೀಡಿ ಸೇದುವವರು. ಮೂತ್ರ ಎರಡು ಸಲ ಕೆಂಪಗೆ ಹೋಗಿತ್ತಂತೆ. "ನೋವೇನೂ ಇಲ್ಲ ಡಾಕ್ಟ್ರೇ, ಉಷ್ಣ ಆಗಿರಬೇಕು ಅಂತ ಎಳನೀರು, ಜೀರಿಗೆ ಕಷಾಯ ಕುಡಿದೆ. ತಾನಾಗಿಯೇ ನಿಂತುಹೋಯಿತು" ಎಂದರು. ಹೀಗೆ ನಾಲ್ಕು ತಿಂಗಳು ಕಳೆದಿದ್ದವು. ಪರೀಕ್ಷೆ ಮಾಡಿಸಿದಾಗ ಮೂತ್ರಕೋಶದ ಒಳಪದರದಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ತಿಳಿಯಿತು. ಗಡ್ಡೆಯನ್ನು ತೆಗೆದದ್ದೂ ಆಯಿತು. ಆಮೇಲೆ ಅವರ ಮಗ ಬಂದು ಕೇಳಿದ ಪ್ರಶ್ನೆಯೇ ಈ ವಾರದ ಲೇಖನಕ್ಕೆ ಕಾರಣ. "ಸಮುದ್ರದ ಬಸವನಹುಳುವಿನ ರಕ್ತದಿಂದ ಈ ಕ್ಯಾನ್ಸರಿಗೆ ಔಷಧಿ ಮಾಡ್ತಾರಂತೆ ಸಾರ್. ಅಪ್ಪನಿಗೆ ಬಸವನಹುಳುವಿನ ಸಾರು ಮಾಡಿ ಕೊಡಬಹುದಾ?"

ಆತ ಕೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಆ ಸಂಶೋಧನೆಗೂ ಸಾರಿಗೂ ಸಂಬಂಧವಿಲ್ಲ. ಏಕೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ತಾಮ್ರದಿಂದ ಬಂದ ನೀಲಿ

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಿರುವ ಹೀಮೊಗ್ಲೋಬಿನ್. ಅದಕ್ಕಾಗಿಯೇ ರಕ್ತ ಕೆಂಪು. ಬಸವನಹುಳು, ಆಕ್ಟೋಪಸ್ ಮುಂತಾದ ಅನೇಕ ಮೃದ್ವಂಗಿಗಳಲ್ಲಿ ಈ ಕೆಲಸವನ್ನು ತಾಮ್ರವಿರುವ ಹೀಮೊಸಯಾನಿನ್ ಎಂಬ ಪ್ರೋಟೀನು ಮಾಡುತ್ತದೆ. ಆಮ್ಲಜನಕ ಕೂಡಿಕೊಂಡಾಗ ಇದು ನೀಲಿ, ಬಿಟ್ಟಾಗ ಬಣ್ಣವಿಲ್ಲದ್ದು. ನಮ್ಮ ಹೀಮೊಗ್ಲೋಬಿನ್ ಕೆಂಪುಕಣಗಳ ಒಳಗಿದ್ದರೆ, ಇದು ರಕ್ತದ ದ್ರವದಲ್ಲೇ ಕರಗಿರುತ್ತದೆ. ಗಾತ್ರವೂ ದೊಡ್ಡದು. ಇದರ ಒಂದು ಕಣ ಹೀಮೊಗ್ಲೋಬಿನ್ ಕಣಕ್ಕಿಂತ ನೂರು ಪಟ್ಟಿಗೂ ಮೀರಿ ತೂಗಬಲ್ಲದು.

ವೈದ್ಯಕೀಯದಲ್ಲಿ ಹೆಚ್ಚು ಬಳಕೆಯಾಗಿರುವುದು ಕೀಹೋಲ್ ಲಿಂಪೆಟ್ ಎಂಬ ಪ್ರಾಣಿಯ ಹೀಮೊಸಯಾನಿನ್. ಇದು ಬಸವನಹುಳುವಿನ ಬಳಗದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಬಂಡೆಗಳ ಮೇಲೆ ಬದುಕುತ್ತದೆ. ಚಿಪ್ಪಿನ ನೆತ್ತಿಯಲ್ಲಿ ಬೀಗದ ಕಿಂಡಿಯಂಥ ತೂತು ಇರುವುದರಿಂದ ಆ ಹೆಸರು. ಇದರ ಹೀಮೊಸಯಾನಿನನ್ನು ಶುದ್ಧಗೊಳಿಸಿ ಮನುಷ್ಯರಿಗೆ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದರೆ, ರೋಗನಿರೋಧಕ ವ್ಯವಸ್ಥೆ ಕೂಡಲೇ ಎಚ್ಚೆತ್ತು ಪ್ರತಿಕಾಯಗಳನ್ನು ತಯಾರಿಸುತ್ತದೆ. ಆದ್ದರಿಂದ ಒಬ್ಬರ ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ಅಳೆಯಲು ಸಂಶೋಧಕರು ಇದನ್ನು ಬಳಸುತ್ತಿದ್ದರು.

1974ರಲ್ಲಿ ಅಮೆರಿಕದ ವೈದ್ಯ ಕಾರ್ಲ್ ಓಲ್ಸನ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ವರದಿ ಮಾಡಿದರು. ಮೂತ್ರಕೋಶದ ಕ್ಯಾನ್ಸರ್ ಇದ್ದ ಕೆಲವೇ ರೋಗಿಗಳಿಗೆ ಈ ಪ್ರೋಟೀನನ್ನು ಕೊಟ್ಟದ್ದು ಪರೀಕ್ಷೆಗಾಗಿ. ಆದರೆ ಹಾಗೆ ಚುಚ್ಚಿಸಿಕೊಂಡವರಲ್ಲಿ ಗಡ್ಡೆ ಮರುಕಳಿಸಿದ್ದು ಕಡಿಮೆ! ಇದು ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳಲ್ಲಿ ಒಂದು, ಆ ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆಗಳ ಅಧ್ಯಯನ.

ಇದು ಯಾವ ಸಕ್ಕರೆ?

ಸಕ್ಕರೆ ಎಂದೊಡನೆ ಮಧುಮೇಹದವರು ಗಾಬರಿಯಾಗಬೇಕಿಲ್ಲ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಾದಾಗ ಅದು ಹೀಮೊಗ್ಲೋಬಿನ್ನಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಅದನ್ನೇ. ನಾನು ಹೇಳುತ್ತಿರುವುದು ಬೇರೆ ಬಗೆ. ಜೀವಕೋಶಗಳು ಕಿಣ್ವಗಳ ನೆರವಿನಿಂದ ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್ ಮೊದಲಾದ ಸಕ್ಕರೆಗಳನ್ನು ಮಣಿಗಳಂತೆ ಪೋಣಿಸಿ, ಆ ಸರವನ್ನು ಪ್ರೋಟೀನಿನ ಗೊತ್ತಾದ ಜಾಗಕ್ಕೆ ಕಟ್ಟುತ್ತವೆ. ಈ ಸರಗಳು ಗುರುತಿನ ಚೀಟಿಯಂತೆ ಕೆಲಸ ಮಾಡುತ್ತವೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ರಕ್ತದ ಗುಂಪು. ಕೆಂಪುಕಣದ ಮೇಲಿನ ಸಕ್ಕರೆ ಸರದ ತುದಿಯಲ್ಲಿ ಗ್ಯಾಲಕ್ಟೋಸ್ ಹೆಚ್ಚುವರಿಯಾಗಿ ಸೇರಿದರೆ 'ಬಿ' ಗುಂಪು. ಅದರ ಬದಲು ಅದೇ ಸಕ್ಕರೆಯ ತುಸು ಬದಲಾದ ರೂಪ ಸೇರಿದರೆ 'ಎ'. ಎರಡೂ ಇಲ್ಲದಿದ್ದರೆ 'ಓ'. ಈ ಒಂದು ಮಣಿಯ ವ್ಯತ್ಯಾಸವನ್ನು ಕಡೆಗಣಿಸಿ ತಪ್ಪು ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ನಮ್ಮ ದೇಹ ಸಕ್ಕರೆಯ ಗುರುತನ್ನು ಎಷ್ಟು ಕಟ್ಟುನಿಟ್ಟಾಗಿ ಓದುತ್ತದೆಂಬುದಕ್ಕೆ ಇಷ್ಟೇ ಸಾಕು.

ಸರ ಬಿಚ್ಚುವ ವಿಜ್ಞಾನ

ಈ ಸರಗಳನ್ನು ಓದುವುದು ಸುಲಭವಲ್ಲ. ಕೀಹೋಲ್ ಲಿಂಪೆಟ್ಟಿನ ಹೀಮೊಸಯಾನಿನ್ ತೂಕದಲ್ಲಿ ಸಕ್ಕರೆಯ ಪಾಲು ಶೇಕಡ 4ರ ಆಸುಪಾಸು ಮಾತ್ರ. ಮೊದಲು ಸರಗಳನ್ನು ಪ್ರೋಟೀನಿನಿಂದ ಕಳಚುತ್ತಾರೆ. ನಂತರ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ತೂಗುತ್ತಾರೆ. ಆದರೆ ಗ್ಯಾಲಕ್ಟೋಸ್ ಮತ್ತು ಮ್ಯಾನೋಸ್ ಎರಡರ ತೂಕವೂ ಒಂದೇ. ಹಾಗಾಗಿ ಒಂದೊಂದು ಬಗೆಯ ಮಣಿಯನ್ನಷ್ಟೇ ಕತ್ತರಿಸುವ ಕಿಣ್ವಗಳನ್ನು ಬಳಸಿ, ಯಾವುದು ಉದುರಿತು, ಯಾವುದು ಉಳಿಯಿತು ಎಂದು ನೋಡುತ್ತಾರೆ.

ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 1980 ಮತ್ತು 1990ರ ದಶಕಗಳಲ್ಲಿ ಯುರೋಪಿನ ಕೊಳದ ಬಸವನಹುಳು ಮತ್ತು ಅಲ್ಲಿ ಆಹಾರವಾಗಿ ತಿನ್ನುವ ಬಸವನಹುಳು, ಇವೆರಡರ ಹೀಮೊಸಯಾನಿನನ್ನು ಹೀಗೆ ಬಿಡಿಸಿ ನೋಡಿದರು. ಮನುಷ್ಯರ ಇಂಥ ಸರಗಳಲ್ಲಿ ಕಾಣದ ಝೈಲೋಸ್ ಮತ್ತು ಮೀಥೈಲ್ ಗುಂಪು ಹೊತ್ತ ಸಕ್ಕರೆಗಳು ಅಲ್ಲಿದ್ದವು. 2002ರಲ್ಲಿ ಜರ್ಮನಿಯ ಗೀಸೆನ್‌ನ ಸಂಶೋಧಕರ ತಂಡವು ಕೀಹೋಲ್ ಲಿಂಪೆಟ್ಟಿನ ಸರಗಳಲ್ಲಿ ಫ್ಯೂಕೋಸ್ ಇರುವ ಒಂದು ವಿಶೇಷ ಜೋಡಣೆಯನ್ನು ವಿವರಿಸಿತು. ಅದೇ ಜೋಡಣೆ ಆಫ್ರಿಕಾ ಮತ್ತು ಬ್ರೆಜಿಲ್‌ನಲ್ಲಿ ಜನರನ್ನು ಕಾಡುವ ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳುವಿನಲ್ಲೂ ಇದೆ. ಆ ಹುಳುವಿನ ಸೋಂಕು ತಗಲಿದವರ ರಕ್ತದ ಪ್ರತಿಕಾಯಗಳು ಲಿಂಪೆಟ್ಟಿನ ಪ್ರೋಟೀನಿಗೂ ಅಂಟಿಕೊಳ್ಳುವುದರ ಗುಟ್ಟು ಇದು.

ಚಿಲಿ ದೇಶದ ವಿಜ್ಞಾನಿಗಳು ಮೃದ್ವಂಗಿಗಳ ಹೀಮೊಸಯಾನಿನ್‌ನಿಂದ ಸಕ್ಕರೆ ಸರಗಳನ್ನು ಕಳಚಿ ಇಲಿಗಳಿಗೆ ಚುಚ್ಚಿ ನೋಡಿದರು. ಪ್ರೋಟೀನು ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ, ಇಲಿಗಳ ರೋಗನಿರೋಧಕ ಪ್ರತಿಕ್ರಿಯೆಯೂ ತಗ್ಗಿತು. ದೇಹವನ್ನು ಎಚ್ಚರಿಸುವುದರಲ್ಲಿ ಈ ಅಪರಿಚಿತ ಸಕ್ಕರೆಗಳ ಪಾಲಿದೆ ಎಂದಾಯಿತು. ಕ್ಯಾನ್ಸರ್ ಜೀವಕೋಶಗಳ ಮೇಲೂ ಸಕ್ಕರೆ ಸರಗಳು ಬದಲಾಗಿರುತ್ತವೆ. ಲಿಂಪೆಟ್ಟಿನ ಸರಗಳಲ್ಲಿ ಕೆಲವು ಅವನ್ನು ಹೋಲುತ್ತವೆ, ಆದ್ದರಿಂದ ಒಂದರ ವಿರುದ್ಧ ಎದ್ದ ಪ್ರತಿಕಾಯ ಇನ್ನೊಂದನ್ನೂ ಹಿಡಿಯಬಹುದು ಎಂಬುದು ಒಂದು ವಿವರಣೆ.

ಹಾಗಾದರೆ ಔಷಧಿ?

ವಿವರಣೆ ಎಷ್ಟೇ ಚೆನ್ನಾಗಿದ್ದರೂ ಔಷಧಿ ರೋಗಿಗಳಲ್ಲಿ ಗೆಲ್ಲಬೇಕು. 500ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದರಲ್ಲಿ, ಗಡ್ಡೆ ಮರುಕಳಿಸದಂತೆ ತಡೆಯುವುದರಲ್ಲಿ ಈ ಪ್ರೋಟೀನು ಹಳೆಯ ಔಷಧಿಯಾದ ಮೈಟೋಮೈಸಿನ್‌ಗಿಂತ ಹಿಂದೆ ಬಿತ್ತು. ಇತ್ತ 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ಮೂತ್ರಕೋಶದೊಳಕ್ಕೆ ಬಿಸಿಜಿ ಹಾಕುವ ಚಿಕಿತ್ಸೆಯನ್ನು ವರದಿ ಮಾಡಿದ್ದರು. ನಮ್ಮ ಮಕ್ಕಳಿಗೆ ಹುಟ್ಟಿದ ಕೂಡಲೇ ತೋಳಿಗೆ ಹಾಕಿಸುವ ಕ್ಷಯದ ಲಸಿಕೆಯಲ್ಲಿರುವ ಜೀವಾಣುವೇ ಅದು. ಸ್ನಾಯುವಿಗೆ ಇಳಿಯದ, ಆದರೆ ಅಪಾಯ ಹೆಚ್ಚಿರುವ ಗಡ್ಡೆಗಳಿಗೆ ಇಂದಿಗೂ ಅದೇ ಮುಖ್ಯ ಚಿಕಿತ್ಸೆ. ನಮ್ಮ ಹಿರಿಯರಿಗೂ ಅದನ್ನೇ ಕೊಡಲಾಗುತ್ತಿದೆ.

ಇನ್ನು ಸಾರಿನ ವಿಷಯ. ತಿಂದ ಪ್ರೋಟೀನು ಬೇಯುವಾಗ ಕೆಟ್ಟು, ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುತ್ತದೆ. ಅದು ಚುಚ್ಚುಮದ್ದಿನಂತೆ ಕೆಲಸ ಮಾಡದು. ಬಸವನಹುಳುವನ್ನು ಹಸಿಯಾಗಿಯೋ ಅರೆಬೆಂದಂತೆಯೋ ತಿಂದರೆ ಮೆದುಳಿನ ಪೊರೆಗೆ ಉರಿಯೂತ ತರುವ ಪರಾವಲಂಬಿ ಹುಳು ದೇಹವನ್ನು ಸೇರಬಹುದು. ಔಷಧಿಯೆಂದು ಅದನ್ನು ಕೊಡಲೇಬೇಡಿ.

ಮನೆಯವರು ನೆನಪಿಡಬೇಕಾದದ್ದು

ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲವಾದರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ವೈದ್ಯರಿಗೆ ತೋರಿಸಿ. ಉಷ್ಣವೆಂದು ಕಾಯಬೇಡಿ. ಎಲ್ಲವೂ ಕ್ಯಾನ್ಸರ್ ಅಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ತೊಂದರೆಯಿಂದಲೂ ರಕ್ತ ಬರಬಹುದು. ಆದರೆ ಅದನ್ನು ನಿರ್ಧರಿಸಬೇಕಾದದ್ದು ಪರೀಕ್ಷೆ. ಮೂತ್ರಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಬೀಡಿ ಸಿಗರೇಟು. ಒಮ್ಮೆ ಚಿಕಿತ್ಸೆಯಾದವರೂ ವೈದ್ಯರು ಹೇಳಿದ ದಿನಕ್ಕೆ ಸರಿಯಾಗಿ ಹೋಗಿ ದುರ್ಬೀನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಗಡ್ಡೆ ಮತ್ತೆ ಬರುವ ಸ್ವಭಾವದ್ದು.

ಆ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ: "ಸಾರು ಬೇಡಪ್ಪ. ಅಪ್ಪನ ಬೀಡಿ ಬಿಡಿಸು, ಪರೀಕ್ಷೆಯ ದಿನ ತಪ್ಪದೆ ಕರೆದುಕೊಂಡು ಹೋಗು."