ಒಂದು ದೇಶ, ಎರಡು ಬಾಗಿಲು: ದಕ್ಷಿಣ ಕೊರಿಯಾ ಮತ್ತು ನಿರಾಶ್ರಿತರ ಹಕ್ಕು

ಮನೆಮಠ ಬಿಟ್ಟು ಬೇರೆ ದೇಶಕ್ಕೆ ಓಡಿಬಂದವರನ್ನೆಲ್ಲ ನಾವು ಮಾತಿನಲ್ಲಿ ‘ನಿರಾಶ್ರಿತರು’ ಎಂದುಬಿಡುತ್ತೇವೆ. ಕಾನೂನಿನ ಲೆಕ್ಕ ಬೇರೆ. 1951ರ ವಿಶ್ವಸಂಸ್ಥೆಯ ಒಪ್ಪಂದವು ಐದು ಕಾರಣಗಳನ್ನು ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೂ ಸಾಮಾಜಿಕ ಗುಂಪಿಗೆ ಸೇರಿರುವುದು ಮತ್ತು ರಾಜಕೀಯ ಅಭಿಪ್ರಾಯ. ಇವುಗಳಲ್ಲಿ ಒಂದರಿಂದಾಗಿ ಹಿಂಸೆಗೆ ಗುರಿಯಾಗುವ ಭಯ ಸಕಾರಣವಾಗಿದ್ದು, ಸ್ವದೇಶದ ಹೊರಗೆ ಇರುವವರು ನಿರಾಶ್ರಿತರು. ಅಂಥವರನ್ನು ಅಪಾಯದ ಜಾಗಕ್ಕೆ ಬಲವಂತವಾಗಿ ಮರಳಿ ಕಳಿಸಬಾರದು ಎಂಬುದೇ ಒಪ್ಪಂದದ ತಿರುಳು. ಈ ವ್ಯಾಖ್ಯೆ ಮನುಷ್ಯರ ಬದುಕನ್ನು ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಒಳ್ಳೆಯ ಉದಾಹರಣೆ.

ಮೊದಲ ಬಾಗಿಲು: ‘ನೀನು ಯಾರು?’

1950ರಲ್ಲಿ ಆರಂಭವಾದ ಕೊರಿಯಾ ಯುದ್ಧ 1953ರಲ್ಲಿ ಕದನವಿರಾಮದೊಂದಿಗೆ ನಿಂತಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ದಕ್ಷಿಣ ಕೊರಿಯಾದ ಸಂವಿಧಾನದ 3ನೇ ವಿಧಿ ಇಡೀ ಕೊರಿಯಾ ಪರ್ಯಾಯದ್ವೀಪವನ್ನು ತನ್ನ ಭೂಪ್ರದೇಶವೆಂದು ಹೇಳುತ್ತದೆ. ಆದ್ದರಿಂದ ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದವರು ಅಲ್ಲಿ ನಿರಾಶ್ರಿತರಲ್ಲ, ನಾಗರಿಕರು. ಇದುವರೆಗೆ 34,000ಕ್ಕೂ ಹೆಚ್ಚು ಜನ ಹೀಗೆ ಬಂದಿದ್ದಾರೆ. ವಿಚಾರಣೆ ಮುಗಿದ ಮೇಲೆ ‘ಹನಾವೊನ್’ ಎಂಬ ಸರ್ಕಾರಿ ಕೇಂದ್ರದಲ್ಲಿ ಸುಮಾರು ಮೂರು ತಿಂಗಳ ತರಬೇತಿ, ನಂತರ ವಸತಿ ಮತ್ತು ಹಣದ ನೆರವು ಸಿಗುತ್ತದೆ.

ಆದರೆ ಬಹುತೇಕರು ಚೀನಾ ದಾಟಿಯೇ ಬರಬೇಕು. ಚೀನಾ 1982ರಲ್ಲೇ ನಿರಾಶ್ರಿತರ ಒಪ್ಪಂದಕ್ಕೆ ಸೇರಿದ್ದರೂ ಇವರನ್ನು ‘ಅಕ್ರಮ ವಲಸಿಗರು’ ಎಂದು ಕರೆದು ಹಿಂದಕ್ಕೆ ಕಳಿಸುತ್ತದೆ. ಮರಳಿದವರಿಗೆ ಕಾದಿರುವುದು ಶಿಕ್ಷೆ. ಒಬ್ಬನೇ ಮನುಷ್ಯ, ಒಂದು ಗಡಿಯಲ್ಲಿ ಅಪರಾಧಿ, ಇನ್ನೊಂದು ಗಡಿಯಲ್ಲಿ ನಾಗರಿಕ.

ಎರಡನೆಯ ಬಾಗಿಲು: ‘ಏಕೆ ಓಡಿಬಂದೆ?’

ದಕ್ಷಿಣ ಕೊರಿಯಾ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಅದರ ಪ್ರತ್ಯೇಕ ನಿರಾಶ್ರಿತರ ಕಾಯ್ದೆ 2013ರಲ್ಲಿ ಜಾರಿಗೆ ಬಂತು. ಈ ಕಾಯ್ದೆಗೆ ದೊಡ್ಡ ಪರೀಕ್ಷೆ ಎದುರಾದದ್ದು 2018ರಲ್ಲಿ.

ಯೆಮನ್‌ನ ಯುದ್ಧದಿಂದ ತಪ್ಪಿಸಿಕೊಂಡು ಮಲೇಷ್ಯಾ ಸೇರಿದ್ದ ಸುಮಾರು 500 ಜನ ಆ ವರ್ಷ ಜೇಜು ದ್ವೀಪಕ್ಕೆ ಬಂದಿಳಿದರು. ಪ್ರವಾಸೋದ್ಯಮಕ್ಕಾಗಿ ಆ ದ್ವೀಪದಲ್ಲಿ ವೀಸಾ ಇಲ್ಲದೆ 30 ದಿನ ಇರಲು ಅವಕಾಶವಿತ್ತು. ಜೂನ್ 1ರಂದು ಸರ್ಕಾರ ಯೆಮನ್ ಜನರಿಗೆ ಈ ಅವಕಾಶ ನಿಲ್ಲಿಸಿತು. ಬಂದವರನ್ನು ಒಪ್ಪಿಕೊಳ್ಳಬಾರದೆಂಬ ಮನವಿಗೆ 7 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಉದ್ಯೋಗದ ಚಿಂತೆ, ಅಪರಾಧದ ಭಯ, ಇಸ್ಲಾಂ ಬಗ್ಗೆ ಕೇಳಿದ ಗಾಳಿಮಾತು, ಎಲ್ಲವೂ ಅದರಲ್ಲಿ ಬೆರೆತಿದ್ದವು. ಅದೇ ದ್ವೀಪದ ಕೆಲವರು ಮನೆಯಲ್ಲಿ ಜಾಗ ಕೊಟ್ಟರು, ಕೊರಿಯನ್ ಭಾಷೆ ಕಲಿಸಿದರು. 1948ರ ಹತ್ಯಾಕಾಂಡದ ಕಾಲದಲ್ಲಿ ಜೇಜು ಜನರೇ ಜಪಾನಿಗೆ ಓಡಿಹೋಗಿದ್ದನ್ನು ಅಲ್ಲಿನ ಕ್ಯಾಥೊಲಿಕ್ ಬಿಷಪ್ ನೆನಪಿಸಿದರು.

ವರ್ಷದ ಕೊನೆಗೆ 484 ಅರ್ಜಿಗಳ ತೀರ್ಮಾನ ಬಂತು. ನಿರಾಶ್ರಿತರೆಂದು ಮಾನ್ಯತೆ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಇಬ್ಬರೂ ತಮ್ಮ ಬರಹಕ್ಕಾಗಿ ಬೆದರಿಕೆ ಎದುರಿಸಿದ್ದ ಪತ್ರಕರ್ತರು. 412 ಜನರಿಗೆ ‘ಮಾನವೀಯ ನೆಲೆಯ ವಾಸ’ದ ಅನುಮತಿ ಸಿಕ್ಕಿತು. ಮೇಲೆ ಹೇಳಿದ ಐದು ಕಾರಣಗಳಲ್ಲಿ ‘ಯುದ್ಧ’ ಇಲ್ಲ ಎಂಬುದನ್ನು ಇಲ್ಲಿ ಗಮನಿಸಿ. ಬಾಂಬಿಗೆ ಹೆದರಿ ಬಂದವರನ್ನು ಹಿಂದಕ್ಕೆ ಕಳಿಸಲಿಲ್ಲ, ಪೂರ್ಣ ಹಕ್ಕನ್ನೂ ಕೊಡಲಿಲ್ಲ. ಅನುಮತಿಯನ್ನು ಆಗಾಗ ನವೀಕರಿಸಿಕೊಳ್ಳಬೇಕು; ಊರಲ್ಲಿ ಉಳಿದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕು ಇಲ್ಲ. ಒಂದು ಪದದ ವ್ಯತ್ಯಾಸ ಒಂದು ಕುಟುಂಬವನ್ನೇ ಬೇರೆ ಮಾಡುತ್ತದೆ.

ನಮಗೇನು ಪಾಠ?

ಮಕ್ಕಾದ ಹಿಂಸೆ ತಾಳಲಾರದೆ ಸಹಾಬಿಗಳ ತಂಡವೊಂದು ಕಡಲು ದಾಟಿ ಅಬಿಸೀನಿಯಾಕ್ಕೆ ಹೋಯಿತು. ಅವರನ್ನು ಒಪ್ಪಿಸಿ ಎಂದು ಕುರೈಶರ ದೂತರು ಉಡುಗೊರೆ ಹೊತ್ತು ಬಂದರು. ಕ್ರೈಸ್ತ ದೊರೆ ನಜಾಶಿ ಮೊದಲು ಆಶ್ರಯ ಕೇಳಿದವರ ಮಾತು ಕೇಳಿದ, ಆಮೇಲೆ ಒಪ್ಪಿಸಲು ನಿರಾಕರಿಸಿದ. ಇಂದಿನ ನಿರಾಶ್ರಿತರ ಕಾನೂನು ಬೇಡುವುದೂ ಇದನ್ನೇ: ಕೇಳದೆ ಕಳಿಸಬೇಡಿ. ಬಂದವರ ಧರ್ಮ, ಭಾಷೆ ಯಾವುದೇ ಇರಲಿ, ಈ ಮಾತು ಎಲ್ಲರಿಗೂ ಸಲ್ಲಬೇಕು.

ಚರ್ಚೆಗೆ:
1. ಯುದ್ಧವನ್ನು ಆರನೆಯ ಕಾರಣವಾಗಿ ಸೇರಿಸಬೇಕೇ? ಪರ, ವಿರೋಧ ಬರೆಯಿರಿ.
2. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಮ್ಮ ಸಂವಿಧಾನದ 21ನೇ ವಿಧಿ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎನ್ನುತ್ತದೆ. ಇದರಿಂದ ಏನು ವ್ಯತ್ಯಾಸ?
3. ಕೊರಿಯಾ ಯುದ್ಧದ ನಂತರ ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಯನ್ನು ನೋಡಿಕೊಂಡ ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಆ ಆಯೋಗದ ಕೆಲಸದ ಬಗ್ಗೆ ಗ್ರಂಥಾಲಯದಲ್ಲಿ ಹುಡುಕಿ, ಒಂದು ಪುಟ ಬರೆಯಿರಿ.