ಎರಡು ಔಷಧಗಳು ಕೂಡಿದಾಗ

ಶ್ವಾಸಕೋಶದ ಕ್ಯಾನ್ಸರು ದೇಹದ ಇತರ ಅಂಗಗಳಿಗೂ ಹರಡಿದೆಯೆಂದು ತಿಳಿದ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಇರುವ ಔಷಧಗಳನ್ನೆಲ್ಲ ಒಟ್ಟಿಗೆ ಕೊಡಬಾರದೇ?’ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಔಷಧಕ್ಕೆ ಔಷಧವನ್ನು ಕೂಡಿಸಿದ ಮಾತ್ರಕ್ಕೆ ಗುಣವು ಇಮ್ಮಡಿಯಾಗದು. ಬಾಧೆ ಮಾತ್ರ ಹೆಚ್ಚಿದರೂ ಹೆಚ್ಚೀತು. ಪರೀಕ್ಷಿಸಿಯೇ ಅದನ್ನು ಅರಿಯಬೇಕು.

ಗೆಫಿಟಿನಿಬ್ ಎಂಬ ಗುಳಿಗೆಯನ್ನು ನೋಡೋಣ. ಈ ಗುಳಿಗೆಯನ್ನು ಕಿಮೋಥೆರಪಿಯೊಡನೆ ಕೊಟ್ಟು ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಎರಡು ಸಾವಿರಕ್ಕೂ ಮಿಕ್ಕಿ ರೋಗಿಗಳು ಅವುಗಳಲ್ಲಿ ಪಾಲ್ಗೊಂಡಿದ್ದರು. ಆದರೂ ಗುಳಿಗೆ ಸೇರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಕಾರಣವು ಬಳಿಕ ಸ್ಪಷ್ಟವಾಯಿತು. ಗಡ್ಡೆಯ ಜೀವಕೋಶಗಳಲ್ಲಿ ಇಜಿಎಫ್‌ಆರ್ ಎಂಬ ಜೀನು ಮಾರ್ಪಟ್ಟಿರುವವರಿಗೇ ಈ ಗುಳಿಗೆ ಮುಖ್ಯವಾಗಿ ಫಲಕಾರಿ. (ಬೀಡಿ ಸಿಗರೇಟು ಮುಟ್ಟದವರಲ್ಲಿಯೇ ಈ ಮಾರ್ಪಾಡು ಹೆಚ್ಚು, ರೋಗಿಯನ್ನು ದೂಷಿಸುವವರು ಇದನ್ನು ಗಮನಿಸಬೇಕು.) ಆ ಪರೀಕ್ಷೆಗಳಲ್ಲಿ ರೋಗಿಗಳನ್ನು ಹೀಗೆ ಆರಿಸಿರಲಿಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2016ರಿಂದ 2018ರವರೆಗೆ, ಈ ಮಾರ್ಪಾಡುಳ್ಳ 350 ರೋಗಿಗಳನ್ನೇ ಆರಿಸಿ ಅದನ್ನು ಮತ್ತೆ ಪರೀಕ್ಷೆಗೊಡ್ಡಿದರು. ಒಂದು ಗುಂಪಿಗೆ ಗುಳಿಗೆ ಮಾತ್ರ. ಇನ್ನೊಂದಕ್ಕೆ ಗುಳಿಗೆಯೊಡನೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್. ರೋಗವು ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ ಮೊದಲ ಗುಂಪಿನಲ್ಲಿ 8 ತಿಂಗಳು, ಎರಡನೆಯದರಲ್ಲಿ 16 ತಿಂಗಳು. ಎರಡನೆಯ ಗುಂಪಿನವರು ಹೆಚ್ಚು ಕಾಲ ಬದುಕಿದರು ಕೂಡ. ಆದರೆ ತೀವ್ರವಾದ ಅಡ್ಡಪರಿಣಾಮಗಳು ಶೇ. 25ರಿಂದ ಶೇ. 51ಕ್ಕೆ ಏರಿದವು. ಲಾಭ ನಿಜ, ತೆತ್ತ ಬೆಲೆಯೂ ನಿಜ.

ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಇಂಥ ಪರೀಕ್ಷೆಗಳಲ್ಲಿ ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಮನೆಯವರಿಗೆ ಇದು ಕಠೋರವಾಗಿ ತೋರುವುದನ್ನು ನಾವು ಬಲ್ಲೆವು. ಆದರೆ ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿಯಾರು. ಆಗ ಗೆದ್ದದ್ದು ಔಷಧವೋ ದೇಹಬಲವೋ ತಿಳಿಯದು.

ಪರೀಕ್ಷೆಗೆ ಸೇರುವಂತೆ ಯಾರಾದರೂ ಸೂಚಿಸಿದರೆ ಹೆದರಿ ಓಡಬೇಕಿಲ್ಲ, ಕೇಳದೆ ಒಪ್ಪಲೂಬೇಕಿಲ್ಲ. ಗಡ್ಡೆಯ ಜೀನ್ ಪರೀಕ್ಷೆಯಾಗಿದೆಯೇ, ನೈತಿಕ ಸಮಿತಿಯ ಅನುಮತಿ ಇದೆಯೇ, ಹಾನಿಯಾದರೆ ಹೊಣೆ ಯಾರದು ಎಂದು ವಿಚಾರಿಸಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ರೋಗಿಗಿದೆ. ಹಿರಿಯರಿಗೆ ರೋಗದ ಹೆಸರನ್ನೇ ಮರೆಮಾಚಿ, ಮಕ್ಕಳೇ ಸಹಿ ಹಾಕಲು ಮುಂದಾಗುವುದನ್ನು ನಾವು ಒಪ್ಪಲಾರೆವು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆದು, ಹಾಸಿಗೆಯ ಬಳಿ ಕುಳಿತು, ಅವರಿಗೇ ಓದಿ ಹೇಳಬೇಕು.