ಹಳೆಯ ಜೀಪಿಗೆ ಮನೆಯಲ್ಲೇ ಫೈಬರ್‌ಗ್ಲಾಸ್ ಮಡ್‌ಗಾರ್ಡ್

ಜಡೆ, ಆನವಟ್ಟಿ ಕಡೆಯ ರೈತರಲ್ಲಿ ಹಳೆಯ ಜೀಪನ್ನು ಬಿಡದೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಎಂಜಿನ್ನು ಗಟ್ಟಿಯಾಗಿರುತ್ತದೆ, ಗೇರೂ ಸರಿಯಾಗಿರುತ್ತದೆ, ಕೆಡುವುದು ತಗಡು. ಮಳೆಗಾಲದ ಕೆಸರು ಮಡ್‌ಗಾರ್ಡಿನ ಒಳಮಗ್ಗುಲಿಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒಣಗುವುದಿಲ್ಲ. ರಸಗೊಬ್ಬರ ಸಾಗಿಸಿದ್ದರೆ ಅದರ ಉಪ್ಪು ಬೇರೆ. ಕೆಲವೇ ವರ್ಷಗಳಲ್ಲಿ ತಗಡು ಜರಡಿಯಾಗುತ್ತದೆ. ಬೆಸುಗೆ ಹಾಕಿಸಿದರೆ ತೇಪೆಯ ಪಕ್ಕದಲ್ಲೇ ಮತ್ತೊಂದು ತೂತು. ಹಳೆಯ ಮಾದರಿಯ ಬಿಡಿಭಾಗ ಅಂಗಡಿಯಲ್ಲಿ ಸಿಗುವುದೂ ಅಪರೂಪ. ಇಂಥ ಮಡ್‌ಗಾರ್ಡನ್ನು ಗಾಜಿನ ನಾರು ಮತ್ತು ರೆಸಿನ್ ಬಳಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಕೆಲಸ ಕಷ್ಟದ್ದಲ್ಲ. ಆದರೆ ಅವಸರದವರಿಗೆ ಹೇಳಿದ್ದಲ್ಲ.

ಇದರ ತತ್ವ ರೈತರಿಗೆ ಹೊಸದೇನೂ ಅಲ್ಲ. ಮಣ್ಣಿನ ಗೋಡೆ ಬಿರಿಯದಿರಲೆಂದು ಕಲಸುವಾಗ ಹುಲ್ಲು ಸೇರಿಸುತ್ತೇವೆ. ಇಲ್ಲಿ ಹುಲ್ಲಿನ ಬದಲು ಗಾಜಿನ ನಾರಿನ ಮ್ಯಾಟು, ಮಣ್ಣಿನ ಬದಲು ಪಾಲಿಯೆಸ್ಟರ್ ರೆಸಿನ್. ಅಮೆರಿಕದ ಕಾರ್ವೆಟ್ ಕಾರಿನ ಮೈಯನ್ನು 1953ರಲ್ಲೇ ಹೀಗೆ ಕೈಯಿಂದ ಹಾಸಿ ಮಾಡಿದ್ದರು. ನಮ್ಮ ಬೆಂಗಳೂರಿನಲ್ಲಿ 1970ರ ದಶಕದಲ್ಲಿ ತಯಾರಾದ 'ಬಾದಲ್' ಎಂಬ ಮೂರು ಗಾಲಿಯ ಕಾರು, ಆಮೇಲೆ 1982ರಲ್ಲಿ ಬಂದ ಸಿಪಾನಿಯವರ 'ಡಾಲ್ಫಿನ್' ಇವೆರಡರ ಮೈಯೂ ಫೈಬರ್‌ಗ್ಲಾಸಿನದೇ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ 'ಹಂಸ' ವಿಮಾನದ ಮೈ ಕೂಡ ನಾರು ಮತ್ತು ರೆಸಿನ್ ಜಾತಿಯದೇ.

ಯಾವುದಕ್ಕೆ ಸಲ್ಲದು

ಭಾರ ಹೊರುವ ಭಾಗಗಳನ್ನು ಹೀಗೆ ಮಾಡಕೂಡದು. ಚಾಸಿಸ್, ಬಂಪರ್, ಸೀಟಿನ ಚೌಕಟ್ಟು ಇವುಗಳ ತಂಟೆಗೆ ಹೋಗಬೇಡಿ. ಟ್ರ್ಯಾಕ್ಟರಿನ ಮಡ್‌ಗಾರ್ಡನ್ನೂ ಬಿಡಿ. ಅದರ ಮೇಲೆ ಆಳು ಕೂರಿಸುವುದು ತಪ್ಪೆಂದು ಎಷ್ಟು ಹೇಳಿದರೂ ಕೂರುವವರು ಕೂರುತ್ತಾರೆ. ಅದು ಮುರಿದರೆ ಬೀಳುವುದು ಚಕ್ರದ ಅಡಿಗೆ. ಮೂಲ ಮಡ್‌ಗಾರ್ಡಿನ ಆಕಾರ, ಅಳತೆಗಳನ್ನು ಬದಲಿಸಬೇಡಿ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನಿರ್ಬಂಧವಿದೆ.

ಖರ್ಚಿನ ಮಾತನ್ನೂ ಮೊದಲೇ ಹೇಳಿಬಿಡುವುದು ಮೇಲು. ಒಂದೇ ಒಂದು ಮಡ್‌ಗಾರ್ಡಿಗಾಗಿ ಈ ಕೆಲಸಕ್ಕೆ ಕೈಹಾಕುವುದು ಲಾಭವಲ್ಲ, ಏಕೆಂದರೆ ಮಡ್‌ಗಾರ್ಡಿಗಿಂತ ಅಚ್ಚಿಗೇ ಹೆಚ್ಚು ಸಾಮಾನು ಬೇಕು. ಅಕ್ಕಪಕ್ಕದ ಊರುಗಳಲ್ಲಿ ಅದೇ ಮಾದರಿಯ ಜೀಪು ಇರುವ ನಾಲ್ಕಾರು ಮಂದಿ ಸೇರಿ ಒಂದು ಅಚ್ಚು ಮಾಡಿಟ್ಟುಕೊಂಡರೆ ಮಾತ್ರ ಲೆಕ್ಕ ಗಿಟ್ಟುತ್ತದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಅಚ್ಚು ಬೇಕೆಂಬುದನ್ನೂ ಮರೆಯಬೇಡಿ.

ಕಾಲ

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲಿನ ದಿನಗಳು, ಎಂದರೆ ಜನವರಿಯಿಂದ ಏಪ್ರಿಲ್‌ವರೆಗೆ, ಇದಕ್ಕೆ ತಕ್ಕ ಕಾಲ. ಮಲೆನಾಡಿನ ಮಳೆಗಾಲದಲ್ಲಿ ಬೇಡವೇ ಬೇಡ. ಈ ಲೇಖಕನು ಒಮ್ಮೆ ಜುಲೈ ತಿಂಗಳಲ್ಲಿ, ಬಿಡುವಿದೆಯಲ್ಲಾ ಎಂದು ಕೆಲಸ ಹಿಡಿದದ್ದುಂಟು. ಮ್ಯಾಟು ಗಾಳಿಯ ತೇವ ಕುಡಿದಿತ್ತು. ಮೂರು ದಿನವಾದರೂ ರೆಸಿನ್ ಅಂಟಂಟಾಗಿಯೇ ಉಳಿದು, ಒಳಗೆಲ್ಲ ಬೂದಿಬಣ್ಣದ ಮಚ್ಚೆ ಎದ್ದಿತು. ಎಲ್ಲವನ್ನೂ ಎಸೆಯಬೇಕಾಯಿತು. ಬೇಸಿಗೆಯಲ್ಲಾದರೂ ನಡುಹಗಲು ಬೇಡ. ಬಿಸಿಲೇರಿದಂತೆ ರೆಸಿನ್ ಕೈಯಲ್ಲೇ ಗಟ್ಟಿಯಾಗಿಬಿಡುತ್ತದೆ. ಬೆಳಗಿನ ಮಂಜು ಹರಿದ ಮೇಲೆ ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲೋ ತೆರೆದ ಮಾಡಿನಡಿಯಲ್ಲೋ ಮಾಡಬೇಕು. ಹುಲ್ಲಿನ ಬಣವೆ, ಬಚ್ಚಲ ಒಲೆ, ಬೀಡಿ ಸೇದುವವರು ಇವೆಲ್ಲ ದೂರವಿರಲಿ. ರೆಸಿನ್ನಿನ ಆವಿಗೆ ಬೆಂಕಿ ತಗಲುತ್ತದೆ. ಅದನ್ನು ಉಸಿರಾಡುವುದೂ ಒಳ್ಳೆಯದಲ್ಲ.

ಅಚ್ಚು

ಇಡೀ ಕೆಲಸದ ಜೀವ ಅಚ್ಚಿನಲ್ಲಿದೆ. ಅಚ್ಚಿನಲ್ಲಿ ಗೀರಿದ್ದರೆ ಮಾಡಿದ ಪ್ರತಿ ಮಡ್‌ಗಾರ್ಡಿನಲ್ಲೂ ಅದೇ ಗೀರು. ಆದುದರಿಂದ ಹಳೆಯ ಮಡ್‌ಗಾರ್ಡನ್ನು ಬಿಚ್ಚಿ, ತುಕ್ಕು ಕೆರೆದು, ನೆಗ್ಗನ್ನು ಬಡಿದು ಸರಿಮಾಡಿ, ತೂತುಗಳನ್ನು ಪುಟ್ಟಿಯಿಂದ ಮುಚ್ಚಿ, ನೀರುಕಾಗದದಿಂದ ಉಜ್ಜಿ ನುಣುಪು ಮಾಡಬೇಕು. ಇದಕ್ಕೆ ಎರಡು ದಿನ ಹಿಡಿದರೆ ಹಿಡಿಯಲಿ. ತಗಡು ಪೂರ್ತಿ ಹಾಳಾಗಿದ್ದರೆ ಒಣಗಿದ ಮರದಲ್ಲಿ ಮಾದರಿ ಕೆತ್ತಿಸಿ ಬಣ್ಣ ಹೊಡೆಯಬಹುದು. ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಹೆಸರಾದ ತಾಲ್ಲೂಕು ನಮ್ಮದು. ಇದಕ್ಕೆ ಗಂಧ ಬೇಡ, ಹಲಸು ಸಾಕು, ಕೈ ಮಾತ್ರ ಅಂಥದೇ ಇರಲಿ.

ಬೆಲ್ಲದ ಅಚ್ಚಿನ ಬಾಯಿ ಅಗಲ, ಬುಡ ಕಿರಿದು ಏಕೆಂದು ಎಲ್ಲರೂ ಬಲ್ಲರು. ಇಲ್ಲಿಯೂ ಹಾಗೆಯೇ. ಮಡ್‌ಗಾರ್ಡಿನ ಅಂಚು ಒಳಕ್ಕೆ ಮಡಚಿಕೊಂಡಿದ್ದರೆ ಒಂದೇ ತುಂಡಿನ ಅಚ್ಚು ಕಳಚಿ ಬರುವುದಿಲ್ಲ. ಅಂಥಲ್ಲಿ ಅಚ್ಚನ್ನು ಎರಡು ತುಂಡು ಮಾಡಿ, ಸೇರುವ ಕಡೆ ಪಟ್ಟಿ ಬಿಟ್ಟು ಬೋಲ್ಟು ಹಾಕಿ ಜೋಡಿಸಬೇಕು.

ಮಾದರಿಗೆ ಸಿಲಿಕೋನ್ ಇಲ್ಲದ ಗಟ್ಟಿ ಮೇಣವನ್ನು ಐದಾರು ಸಲ ಬಳಿದು, ಪ್ರತಿ ಸಲವೂ ಆರಲು ಬಿಟ್ಟು ಒರಸಿ ಹೊಳಪು ತರಬೇಕು. ಅದರ ಮೇಲೆ ಪಿವಿಎ ದ್ರಾವಣವನ್ನು ಸ್ಪಂಜಿನಿಂದ ತೆಳುವಾಗಿ ಸವರಿದರೆ ಒಣಗಿ ಪೊರೆಯಾಗುತ್ತದೆ. ಈ ಹಂತದಲ್ಲಿ ಜಿಪುಣತನ ಮಾಡಿದವರ ಅಚ್ಚು ಮಾದರಿಯನ್ನು ಬಿಡುವುದೇ ಇಲ್ಲ. ಉಳಿ ಹಾಕಿ ಒಡೆಯುವುದೊಂದೇ ದಾರಿ.

ಆಮೇಲೆ ಜೆಲ್‌ಕೋಟು. ಇದನ್ನು ಬ್ರಷ್ಷಿನಿಂದ ಎರಡು ಸಲ ಬಳಿಯಬೇಕು. ಒಟ್ಟು ದಪ್ಪ ಸುಮಾರು ಅರ್ಧ ಮಿಲಿಮೀಟರು, ಅಂದರೆ ಎರಡು ಅಂಚೆಕಾರ್ಡು ಸೇರಿದಷ್ಟು. ಬೆರಳಿಟ್ಟರೆ ಅಂಟಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು. ಆಗ ಮ್ಯಾಟು ಹಾಸಲು ಹದ ಬಂದಿದೆ ಎಂದರ್ಥ. ಅಚ್ಚಿಗೆ 450 ಗ್ರಾಂ ತೂಕದ ಮ್ಯಾಟು ಐದಾರು ಪದರ ಬೇಕು. ಎಲ್ಲವನ್ನೂ ಒಂದೇ ದಿನ ಹಾಸಿದರೆ ಒಳಗೆ ಕಾವೇರಿ ಅಚ್ಚು ಸೊಟ್ಟಗಾಗುತ್ತದೆ. ಎರಡು ದಿನಕ್ಕೆ ಹಂಚಿರಿ.

ಮಡ್‌ಗಾರ್ಡು ಹಾಸುವುದು

ಅಚ್ಚು ಕಳಚಿ, ಅದಕ್ಕೂ ಮೇಣ, ಪಿವಿಎ, ಜೆಲ್‌ಕೋಟು ಅದೇ ಕ್ರಮದಲ್ಲಿ ಬಳಿದು 450 ಗ್ರಾಂನ ಮ್ಯಾಟನ್ನು ಮೂರು ಪದರ ಹಾಸಿದರೆ ಸುಮಾರು 3 ಮಿಲಿಮೀಟರು ದಪ್ಪ ಬರುತ್ತದೆ. ಒಂದು ಚದರ ಮೀಟರಿಗೆ ಮ್ಯಾಟು 1.35 ಕಿಲೋ, ರೆಸಿನ್ ಸುಮಾರು 3 ಕಿಲೋ, ಜೆಲ್‌ಕೋಟು 600 ಗ್ರಾಂ ಹಿಡಿಯುತ್ತದೆ. ಸಿದ್ಧವಾದಾಗ ಇದರ ತೂಕ 5 ಕಿಲೋದ ಆಸುಪಾಸು. ಅಷ್ಟೇ ವಿಸ್ತೀರ್ಣದ 1 ಮಿಲಿಮೀಟರು ದಪ್ಪದ ಉಕ್ಕಿನ ತಗಡು ಸುಮಾರು 8 ಕಿಲೋ ತೂಗುತ್ತದೆ.

ಮ್ಯಾಟಿನ ಅಂಚನ್ನು ಕತ್ತರಿಸದೆ ಕೈಯಿಂದ ಹರಿಯಿರಿ. ಹರಿದ ಅಂಚು ಒಂದರೊಳಗೊಂದು ಬೆರೆಯುತ್ತದೆ. ಮೊದಲು ರೆಸಿನ್ ಸವರಿ, ಮೇಲೆ ಮ್ಯಾಟಿಟ್ಟು, ಬ್ರಷ್ಷಿನಿಂದ ಎಳೆಯದೆ ಕುಟ್ಟುತ್ತಾ ನೆನೆಸಬೇಕು. ಬಿಳಿಯಾಗಿ ಕಂಡಲ್ಲಿ ನಾರು ನೆಂದಿಲ್ಲ, ಇಲ್ಲವೇ ಗಾಳಿ ಕುಳಿತಿದೆ. ಗೀರು ರೋಲರಿನಿಂದ ಒತ್ತಿ ಗಾಳಿ ಹೊರಡಿಸಿ. ಒಂದು ಸಲಕ್ಕೆ ಅರ್ಧ ಕಿಲೋಗಿಂತ ಹೆಚ್ಚು ರೆಸಿನ್ ಕಲಸಬೇಡಿ. ಕಲಸಿದ್ದು ಡಬ್ಬಿಯಲ್ಲಿ ಉಳಿದರೆ ತಾನೇ ಕಾದು ಹೊಗೆಯಾಡುತ್ತದೆ. ಮಾರನೆಯ ದಿನದವರೆಗೆ ಅಚ್ಚಿನಲ್ಲೇ ಬಿಟ್ಟು, ಆಮೇಲೆ ಅಂಚಿಗೆ ಮರದ ಬೆಣೆ ಕೊಟ್ಟು ಸಂದಿಗೆ ನೀರು ಹೊಯ್ದರೆ ಪಿವಿಎ ಪೊರೆ ಕರಗಿ ಮಡ್‌ಗಾರ್ಡು ಕಳಚಿಕೊಳ್ಳುತ್ತದೆ.

ಕಣ್ಣು ಮತ್ತು ಬೆಂಕಿ

ಈ ಭಾಗವನ್ನು ಎರಡು ಸಲ ಓದಿರಿ. ರೆಸಿನ್ನನ್ನು ಗಟ್ಟಿ ಮಾಡಲು ಎರಡು ದ್ರವಗಳಿವೆ. ಒಂದು ಕೆನ್ನೀಲಿ ಬಣ್ಣದ ಕೋಬಾಲ್ಟು. ಇನ್ನೊಂದು ನೀರಿನಂತೆ ಕಾಣುವ ಹಾರ್ಡನರು, ಎಂದರೆ ಎಂ.ಇ.ಕೆ.ಪಿ. ಇವೆರಡನ್ನೂ ನೇರವಾಗಿ ಎಂದಿಗೂ ಬೆರೆಸಕೂಡದು, ಬೆರೆಸಿದರೆ ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಅಂಗಡಿಯಲ್ಲೇ ಬೆರೆಸಿದ ರೆಸಿನ್ ಕೊಳ್ಳುವುದೇ ಜಾಣತನ. ಆಗ ಮನೆಗೆ ತರಬೇಕಾದದ್ದು ಹಾರ್ಡನರು ಮಾತ್ರ. ಅದನ್ನು ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಗ್ರಾಂ ಹಾಕಬೇಕು. ಮೊದಲು 100 ಗ್ರಾಂ ರೆಸಿನ್ನಿಗೆ 1 ಗ್ರಾಂ ಬೆರೆಸಿ ಎಷ್ಟು ನಿಮಿಷದಲ್ಲಿ ಗಟ್ಟಿಯಾಗುವುದೆಂದು ಗಡಿಯಾರ ನೋಡಿ ಬರೆದಿಡಿ.

ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಮತ್ತು ಕೈಗವಸು ಇಲ್ಲದೆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇರಲಿ. ಸಿಡಿದರೆ ಆ ಕ್ಷಣವೇ ರೆಪ್ಪೆ ಬಿಡಿಸಿ, ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನೀರು ಹೊಯ್ದು, ಆಮೇಲೆ ವೈದ್ಯರಲ್ಲಿಗೆ ಹೋಗಬೇಕು. ಮೊದಲು ವಾಹನ ಹುಡುಕುತ್ತಾ ಹೊತ್ತು ಕಳೆಯುವುದು ತಪ್ಪು. ಚೆಲ್ಲಿದ ಹಾರ್ಡನರಿನ ಮೇಲೆ ಭತ್ತದ ಹೊಟ್ಟು, ಮರದ ಪುಡಿ ಹಾಕುವ ಅಭ್ಯಾಸ ಅಪಾಯಕರ. ಅದು ತಾನೇ ಹೊತ್ತಿಕೊಳ್ಳುತ್ತದೆ. ಒದ್ದೆ ಮರಳು ಹಾಕಿರಿ. ಮಿಕ್ಕದ್ದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡಬಾರದು. ರೆಸಿನ್ ಕಲಸಿದ ಬಕೆಟ್ಟು ಮತ್ತೆ ಕೊಟ್ಟಿಗೆಗೆ ಹೋಗಬಾರದು.

ಕೂರಿಸುವುದು

ವಾರ ಕಳೆದ ಮೇಲೆ ಅಂಚನ್ನು ನೀರು ಹಾಕುತ್ತಾ ಉಜ್ಜಿ ಸರಿಪಡಿಸಿ. ಒಣ ಧೂಳು ಮೈಗೆ ತುರಿಕೆ, ಶ್ವಾಸಕ್ಕೆ ಕೆಡುಕು. ಮೂಗಿಗೆ ಮಾಸ್ಕು ಇರಲಿ. ಬೋಲ್ಟಿನ ತೂತನ್ನು ಒಂದಿಷ್ಟು ಸಡಿಲವಾಗಿ ಕೊರೆದು, ಎರಡೂ ಕಡೆ ಅಗಲ ವಾಷರು ಮತ್ತು ಹಳೆಯ ಟ್ಯೂಬಿನ ರಬ್ಬರು ಕೊಡಿ. ಸ್ಪ್ಯಾನರನ್ನು ಜಗ್ಗಿ ಬಿಗಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ.

ಇನ್ನೊಂದು ಮಾತು. ಮಡ್‌ಗಾರ್ಡಿನ ಮೇಲಿನ ಇಂಡಿಕೇಟರ್ ದೀಪಕ್ಕೆ ಅರ್ತ್ ಸಿಗುತ್ತಿದ್ದುದು ತಗಡಿನ ಮೂಲಕ. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ದೀಪ ಹತ್ತದಿದ್ದರೆ ಬಲ್ಬನ್ನು ದೂರಬೇಡಿ. ದೀಪದ ಬುಡದಿಂದ ಚಾಸಿಸ್ಸಿಗೆ ಬೇರೆಯೇ ಒಂದು ತಂತಿ ಎಳೆದು ಬೋಲ್ಟಿಗೆ ಬಿಗಿಯಿರಿ.